ಎಪ್ಪತ್ತೈದು ರೂಪಾಯಿಯ ಫರಕು

ಒಂಬತ್ತು ರೂಪಾಯಿ ನಲವತ್ತು ಪೈಸೆಯ ಕರೆಂಟ್ ಬಿಲ್ಲಿಗಾಗಿ ಇಪ್ಪತ್ತೊಂಬತ್ತು ವರ್ಷದ ಸಂಸಾರ ಮುರಿಯುವ ಹಂತಕ್ಕೆ ಬಂತು ಎಂದರೆ ಹೊರಗಿನವರು ನಂಬಲಿಕ್ಕಿಲ್ಲ. ರಾಯಚೂರಿನವರು ನಂಬುತ್ತಾರೆ. ಏಕೆಂದರೆ ಅವರಿಗೆ ಕುತುಬುದ್ದೀನ್ ಗೊತ್ತು.

ಕುತುಬುದ್ದೀನ್ ಅಲ್ಲಿನ ದವಸದ ಮಾರುಕಟ್ಟೆಯಾದ ಗಂಜಿನಲ್ಲಿ ತೂಕದವ. ಶೇಂಗಾ ಇರಲಿ, ಹತ್ತಿ ಇರಲಿ, ತಕ್ಕಡಿಯ ಮುಳ್ಳು ನಟ್ಟನಡುವೆ ನಿಲ್ಲುವವರೆಗೆ ಅವನ ಉಸಿರೂ ನಿಂತಿರುತ್ತಿತ್ತು. ರೈತರು ಅವನನ್ನು ಕಂಡರೆ ಕೈಮುಗಿಯುತ್ತಿದ್ದರು, ಸಾಹುಕಾರರು ಮುಖ ಕಿವುಚುತ್ತಿದ್ದರು. ಆದರೆ ಗಂಜಿನಲ್ಲಿ ಹೆಸರು ತರುವ ಗುಣ ಮನೆಯೊಳಗೆ ಕಾಲಿಟ್ಟರೆ ಪೀಡೆಯಾಗುತ್ತದೆ. ಹೆಂಡತಿ ಒಗ್ಗರಣೆಗೆ ಸುರಿಯುವ ಎಣ್ಣೆಯನ್ನು ಅವನು ಕಣ್ಣಿನಲ್ಲೇ ತೂಗುತ್ತಿದ್ದ. ಹೀಗೆ ತೂಗಿ ತೂಗಿ ಅಂಚೆ ಕಚೇರಿಯ ಪುಸ್ತಕದಲ್ಲಿ ಸಾವಿರದ ಎಂಟುನೂರು ರೂಪಾಯಿ ಕೂಡಿಹಾಕಿದ್ದ. ಇನ್ನು ಆರು ತಿಂಗಳು ಕಳೆದರೆ ಒಂದು ಹಳೆಯ ಕಾಟಾ ಕೊಂಡು ಗಂಜಿನ ಗೇಟಿನ ಪಕ್ಕದಲ್ಲಿ ಸ್ವಂತ ತೂಕದಂಗಡಿ ಹಾಕುವವನಿದ್ದ. ಜೀವಮಾನವೆಲ್ಲ ಪರರ ತಕ್ಕಡಿ ಹಿಡಿದ ಮನುಷ್ಯನಿಗೆ ಇದ್ದ ಆಸೆ ಅದೊಂದೇ.

ಅದು ಎಂಬತ್ತನೆಯ ಇಸವಿ. ಅಂದು ಅಮಾವಾಸ್ಯೆಯಾದ್ದರಿಂದ ಗಂಜಿಗೆ ರಜೆ. ತೂಗಲು ಏನೂ ಇಲ್ಲದೆ ನಸುಕಿನಿಂದಲೇ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದವನ ಕೈಗೆ ಕರೆಂಟ್ ಬಿಲ್ಲು ಸಿಕ್ಕಿತು.

"ಮುನವ್ವರ್, ಇಲ್ಲಿ ಬಾ. ಹೋದ ತಿಂಗಳು ಐದು ರೂಪಾಯಿ ಇತ್ತು. ಈ ತಿಂಗಳು ಒಂಬತ್ತು ನಲವತ್ತು. ರಾತ್ರಿ ಹನ್ನೊಂದರ ತನಕ ದೀಪ ಹಚ್ಕೊಂಡು ಮಷೀನ್ ಮುಂದ ಕುಂದ್ರಾಕಿ ಯಾರು?"

"ನಾನು," ಎಂದಳು ಮುನವ್ವರ್ ಬೀ, ಓಣಿಯ ಹೆಂಗಸರಿಗೆಲ್ಲ ಲಂಗ ಕುಪ್ಪಸ ಹೊಲಿದು ಕೊಡುವ ಅವನ ಹೆಂಡತಿ.

"ಹೊಲಿಗಿ ರೊಕ್ಕ ಯಾರ ಹತ್ರ ಇರ್ತದ?"

"ನನ್ನ ಹತ್ರ."

"ಹಂಗಾದ್ರ ಹೆಚ್ಚಿಗಿ ಬಂದಿರೋ ನಾಕು ರೂಪಾಯಿ ನಲವತ್ತು ಪೈಸ ನಿಂದು. ಕೊಡು."

ಮುನವ್ವರ್ ಬೀ ಬಾಯಲ್ಲಿದ್ದ ದಾರವನ್ನು ಕಟ್ಟನೆ ಕಡಿದಳು. "ಲೆಕ್ಕಾನೇ ಮಾಡೂದಾದ್ರ ಪೂರಾ ಮಾಡೋಣ್ರಿ. ಇಪ್ಪತ್ತೊಂಬತ್ತು ವರ್ಷ ನಿಮಗ ರೊಟ್ಟಿ ಬಡದು ಹಾಕೀನಿ. ರೊಟ್ಟಿಗೊಂದು ಪೈಸ ಹಿಡೀರಿ. ಖಾನಾವಳ್ಯಾಗ ಇದಕ್ಕಿಂತ ಜಾಸ್ತಿ ತಗೋತಾರ."

ಕುತುಬುದ್ದೀನ್ ನಿಜವಾಗಿಯೂ ಲೆಕ್ಕ ಹಾಕಿದ. ದಿನಕ್ಕೆ ಎಂಟರಂತೆ ಹಿಡಿದರೂ ಎಂಟುನೂರಾ ನಲವತ್ತಾರು ರೂಪಾಯಿ ಎಂಬತ್ತು ಪೈಸೆ ಆಗುತ್ತಿತ್ತು.

"ಇಂಥಾ ಲೆಕ್ಕ ಹಾಕೋ ಹೆಣ್ಮಗಳ ಜೊತಿ ಸಂಸಾರ ಹೆಂಗ ಮಾಡ್ಬೇಕು?" ಎಂದು ಕೂಗಿದ. ಲೆಕ್ಕ ಶುರು ಮಾಡಿದವನು ತಾನೇ ಎಂಬುದು ಅವನಿಗೆ ಮರೆತೇ ಹೋಗಿತ್ತು.

"ಮಾಡ್ರಿ ಅಂತ ನಾ ಕೈ ಹಿಡದು ಕೂಡಿಸೀನೇನು? ಬ್ಯಾರೆ ಆಗೋಣ. ನಿಮ್ಮದು ನಿಮಗ, ನಂದು ನನಗ."

"ಆಗೋಣ!"

ಈ 'ಆಗೋಣ' ಇನ್ನೂ ಅಂಗಳ ದಾಟಿರಲಿಲ್ಲ, ಅಷ್ಟರಲ್ಲಿ ಓಣಿಯೇ ಅಂಗಳದೊಳಕ್ಕೆ ಬಂದಿತ್ತು. ಎಲ್ಲರಿಗಿಂತ ಮುಂದೆ ಸತ್ತಾರ್ ಸಾಬ್. ಅವರು ನಿಜಾಮನ ಕಾಲದ ಅದಾಲತ್ತಿನಲ್ಲಿ ಜವಾನರಾಗಿದ್ದವರು. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಅವರ ಕೆಲಸವಾಗಿತ್ತು. ಆ ಬಾಗಿಲ ಸಂದಿಯಿಂದ ಕಿವಿಗೆ ಬಿದ್ದ ಕಾನೂನಿನ ಬಲದ ಮೇಲೆ ಇಡೀ ಓಣಿಗೆ ಅವರೇ ಮುನ್ಸಿಫರು. ಅವರ ಹಿಂದೆ ಉದ್ರಿ ಪುಸ್ತಕ ಬಗಲಲ್ಲಿಟ್ಟುಕೊಂಡು ಕಿರಾಣಿ ಅಂಗಡಿಯ ವೆಂಕಣ್ಣ. ಅವನ ಹಿಂದೆ ಹಾಲಿನ ಚರಿಗೆ ಹಿಡಿದ ಅಮರಮ್ಮ.

"ತಲಾಖಿನ ಮಾತು ಬಾಯಾಗ ಬರಬಾರದು," ಎಂದು ಸತ್ತಾರ್ ಸಾಬ್ ಕೈ ಎತ್ತಿ ಎಚ್ಚರಿಸಿದರು. "ಮೊದಲು ಹಂಚಿಕಿ, ಆಮ್ಯಾಲ ಮಾತು. ಯಾರ್ಯಾರ ಮ್ಯಾಲ ಏನೇನು ಜವಾಬ್ದಾರಿ ಅನ್ನೋದು ಚುಕ್ತಾ ಆಗ್ಲಿ. ಚಹಾ ಇಡ್ರಿ."

ಚಹಾ ಬಂತು. ಹಂಚಿಕೆ ಶುರುವಾಯಿತು. ಮಂಚ ಅವನಿಗೆ, ಮಷೀನು ಅವಳಿಗೆ. ಅಷ್ಟಕ್ಕೆ ವೆಂಕಣ್ಣ ಪುಸ್ತಕ ಬಿಚ್ಚಿದ.

"ನಲವತ್ತೆರಡು ರೂಪಾಯಿ ಉದ್ರಿ ಅದರಿ ಕುತುಬುದ್ದೀನ್ ಸಾಬ್ರ. ಯಾರು ಕೊಡಾವ್ರು ಅಂತ ಹೇಳಿಬಿಟ್ರ ನಾ ಅಂಗಡಿಗಿ ಹೋಗ್ತೀನಿ."

"ಅದರಾಗ ಬೀಡಿ ನಂದು. ಸೂಜಿ ದಾರ ಆಕಿದು. ಚಹಾಪುಡಿ ಆಕಿದು."

"ಚಹಾಪುಡಿ ನಂದಾ?" ಎಂದಳು ಮುನವ್ವರ್ ಬೀ. "ದಿನಕ್ಕ ಆರು ಸಲ ಕುಡಿಯಾವ್ರು ಯಾರು?"

"ಉಪ್ಪು?" ಎಂದು ವೆಂಕಣ್ಣ ಕೇಳಿದ.

"ಉಪ್ಪು ಇಬ್ಬರದೂ," ಎಂದರು ಸತ್ತಾರ್ ಸಾಬ್.

ಮೇಕೆ ಎರಡಿದ್ದವು. ಒಂದು ಗಬ್ಬದ ಮೇಕೆ, ಒಂದು ಬರಡು. ಇಬ್ಬರಿಗೂ ಗಬ್ಬದ್ದೇ ಬೇಕು. "ತೂಗಿ ಹಂಚ್ರಿ, ಹೆಂಗೂ ತೂಕದವ್ರು ಮನ್ಯಾಗೇ ಅದಾರ," ಎಂದು ಅಮರಮ್ಮ ಚೇಷ್ಟೆಗೆ ಹೇಳಿದ್ದನ್ನು ಕುತುಬುದ್ದೀನ್ ನಿಜವೆಂದು ಹಿಡಿದ. ತೂಗುವ ಕೊಕ್ಕೆ ತಂದು ಗಬ್ಬದ ಮೇಕೆಯ ಹೊಟ್ಟೆಗೆ ಸೆಲ್ಲೆ ಸುತ್ತಿ ಎತ್ತಿದ. ಮೇಕೆ ಮೊದಲು ಅವನ ಲುಂಗಿ ಒದ್ದೆ ಮಾಡಿತು. ಆಮೇಲೆ ಕೊಸರಿಕೊಂಡು ಓಡಿ ಬಾಗಿಲು ತೆರೆದಿಟ್ಟಿದ್ದ ವೆಂಕಣ್ಣನ ಅಂಗಡಿಗೆ ನುಗ್ಗಿ ಬೆಲ್ಲಕ್ಕೆ ಬಾಯಿ ಹಾಕಿತು.

ವೆಂಕಣ್ಣ ಪೆನ್ಸಿಲ್ ನೆಕ್ಕಿಕೊಂಡು ಬರೆದ. "ಬೆಲ್ಲ, ಒಂದೂವರಿ ರೂಪಾಯಿ. ಇದು ಯಾರ ಲೆಕ್ಕಕ್ಕ?"

ಎಲ್ಲದಕ್ಕೂ ಹೀಗೇ ಜಗ್ಗಾಟವಾಯಿತು. ಒಂದಕ್ಕೆ ಮಾತ್ರ ಆಗಲಿಲ್ಲ. ಮಗಳು ಉಮ್ಮೇ ಕುಲ್ಸುಮ್ ಮುಂದಿನ ತಿಂಗಳು ಹೆರಿಗೆಗೆ ಬರುವವಳಿದ್ದಳು. ಆ ಖರ್ಚು ಯಾರದು ಎಂದು ಸತ್ತಾರ್ ಸಾಬ್ ಕೇಳಿದಾಗ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ "ನಂದು" ಎಂದರು. ಅಮರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಲ್ಲಿಗೇ ಎದ್ದು ಹೋಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸತ್ತಾರ್ ಸಾಬರಿಗೆ ಚಹಾ ಇನ್ನೂ ಅರ್ಧ ಕಪ್ಪು ಉಳಿದಿತ್ತು.

"ಕಡೀದು, ಮೆಹರ್," ಎಂದರು ಅವರು. ನಿಕಾಹದ ದಿನ ಗಂಡ ಹೆಂಡತಿಗೆ ಕೊಡುತ್ತೇನೆಂದು ಒಪ್ಪಿ ಬರೆಸಿದ ಹಣ ಅದು. ಬೇರೆಯಾಗುವಾಗ ಕೊಡದೆ ಜಾರಿಕೊಳ್ಳುವ ಹಾಗಿಲ್ಲ. "ಎಷ್ಟು ಬರಸಿದ್ರಿ?"

"ಐನೂರಾ ಇಪ್ಪತ್ತೈದು," ಎಂದಳು ಮುನವ್ವರ್ ಬೀ.

"ಹಾಲಿ!" ಎಂದು ಕುತುಬುದ್ದೀನ್ ಬೆರಳೆತ್ತಿದ. "ಐನೂರಾ ಇಪ್ಪತ್ತೈದು ಹಾಲಿ ಸಿಕ್ಕಾ."

ನಿಜಾಮನ ಕಾಲದಲ್ಲಿ ಈ ಸೀಮೆಯಲ್ಲಿ ಎರಡು ಬಗೆಯ ರೂಪಾಯಿ ನಡೆಯುತ್ತಿತ್ತು. ನಿಜಾಮನದು ಹಾಲಿ, ಹೊರಗಿನ ಸರ್ಕಾರದ್ದು ಕಲ್ದಾರ್. ಏಳು ಹಾಲಿಗೆ ಆರು ಕಲ್ದಾರ್. ಇವರ ಮದುವೆಯಾದ ಐವತ್ತೊಂದರಲ್ಲಿ ಎರಡೂ ಕೈಯಿಂದ ಕೈಗೆ ಓಡಾಡುತ್ತಿದ್ದವು. ಹಾಲಿ ಮರೆಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಆದರೆ ಕುತುಬುದ್ದೀನನ ತಲೆಯಲ್ಲಿ ಅದರ ಭಾವ ಇನ್ನೂ ಹೊಳೆಯುತ್ತಿತ್ತು.

"ಐನೂರಾ ಇಪ್ಪತ್ತೈದು ಹಾಲಿ ಅಂದ್ರ ಈಗಿನ ನಾಕನೂರಾ ಐವತ್ತು. ಬರೋಬ್ಬರಿ. ಒಂದು ಪೈಸ ಹೆಚ್ಚಿಲ್ಲ, ಒಂದು ಪೈಸ ಕಡಿಮಿಲ್ಲ."

"ನಮ್ಮಪ್ಪ ಕಲ್ದಾರ್ ಅಂತ ಹೇಳಿದ್ದ."

"ಎಪ್ಪತ್ತೈದು ರೂಪಾಯಿ ಫರಕ್ ಬರ್ತದ!"

ಇಬ್ಬರೂ ಸತ್ತಾರ್ ಸಾಬರ ಮುಖ ನೋಡಿದರು. ಅವರು ಗಡ್ಡ ನೀವಿಕೊಂಡು ತೀರ್ಪು ಕೊಟ್ಟರು. ನಿಕಾಹ್ ಆದದ್ದು ಮುನವ್ವರ್ ಬೀಯ ತವರಾದ ಮಾನ್ವಿಯಲ್ಲಿ. ಅಲ್ಲಿನ ಖಾಜಿಯ ದಫ್ತರದಲ್ಲಿ ಬರೆದಿರುತ್ತದೆ. ಹಾಲಿ ಎನ್ನುವವನು ಇವತ್ತು ಸಂಜೆಯ ಆಜಾನಿನೊಳಗೆ ನಕಲು ತಂದು ತೋರಿಸಬೇಕು. ತಾರದಿದ್ದರೆ ಕಲ್ದಾರ್.

"ಸಾಕ್ಷಿಗಿ ನಾ ಬರ್ತೀನಿ," ಎಂದು ಸತ್ತಾರ್ ಸಾಬ್ ಎದ್ದು ಟೋಪಿ ಸರಿಮಾಡಿಕೊಂಡರು.

"ನೀವು ಅವ್ರ ಕಡಿ ಆದ್ರಿ. ನನ್ನ ಕಡಿ ಅಮರಮ್ಮ ಹೋಗ್ತಾಳ," ಎಂದಳು ಮುನವ್ವರ್ ಬೀ. "ತಕರಾರು ತಗದವ್ರು ಇಬ್ಬರ ಟಿಕೀಟೂ ತಗೀಬೇಕು."

ಮಾನ್ವಿಯ ಬಸ್ಸಿಗೆ ಮೂರು ಜನರ ಟಿಕೀಟು ಹನ್ನೆರಡು ರೂಪಾಯಿ. ನಿಲ್ದಾಣದ ಚಹಾ ಒಂದೂವರೆ. ಬಸ್ಸು ಊರು ದಾಟುವ ಮೊದಲೇ ಹದಿಮೂರೂವರೆ ಖಾಲಿಯಾಗಿತ್ತು. ಎಪ್ಪತ್ತೈದರಲ್ಲಿ ಅದನ್ನು ಕಳೆದು ಇನ್ನೂ ಅರವತ್ತೊಂದೂವರೆ ಲಾಭದಲ್ಲಿದ್ದೇನೆ ಎಂದು ಕುತುಬುದ್ದೀನ್ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಆದರೂ ಸೀಟಿನಲ್ಲಿ ಕೂಡಲಾಗಲಿಲ್ಲ. ನಿಂತ, ಕುಂತ, ಮತ್ತೆ ನಿಂತ.

ಮಾನ್ವಿಯಲ್ಲಿ ಮುನವ್ವರ್ ಬೀಯ ತಮ್ಮ ಖಾಜಾ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ. ಖಾಜಿಯ ಮನೆ ಕೇಳಲು ಮೂವರೂ ಮೊದಲು ಅಲ್ಲಿಗೇ ಹೋದರು. ಅಕ್ಕನ ಗಂಡನನ್ನು ಕಂಡವನೇ ಹಚ್ಚುತ್ತಿದ್ದ ಪಂಕ್ಚರನ್ನು ಅಲ್ಲಿಗೇ ಬಿಟ್ಟು ಎದ್ದ. "ದುಲ್ಹೇಭಾಯ್! ಎಷ್ಟು ವರ್ಷ ಆತ್ರಿ ನಮ್ಮ ಮನಿಗಿ ಬರಲಾರದ! ಬರ್ರಿ, ಬರ್ರಿ."

"ಖಾಜಾ, ನಾ ಬಂದಿದ್ದು ಏನಪಾ ಅಂದ್ರ..."

"ಎಲ್ಲಾ ಊಟ ಆದ ಮ್ಯಾಲ."

ಕೋಳಿ ಕೂಗಿದ್ದು ಕೇಳಿಸಿತು. ಆಮೇಲೆ ಕೂಗಲಿಲ್ಲ. ಕುತುಬುದ್ದೀನ್ ಮೂರು ಸಲ ಬಾಯಿ ತೆರೆದ, ಮೂರು ಸಲವೂ ಖಾಜಾ ಅವನಿಗೆ ಲೋಡು, ನೀರು, ಬೀಸಣಿಕೆ ಕೊಟ್ಟು ಬಾಯಿ ಮುಚ್ಚಿಸಿದ. ನಿನ್ನ ಅಕ್ಕನನ್ನು ಬಿಡುವುದಕ್ಕೆ ಕಾಗದ ಬೇಕಾಗಿದೆ ಎಂದು ಕೋಳಿ ಸಾರಿನ ಘಮದ ನಡುವೆ ಹೇಳುವುದು ಯಾವ ಗಂಡಸಿಗೂ ಸುಲಭವಲ್ಲ. ಆದರೆ ಕೋಳಿ ತಿನ್ನದ ಅಮರಮ್ಮ ಹೊರಗೆ ಕಟ್ಟೆಯ ಮೇಲೆ ಮಜ್ಜಿಗೆ ಕುಡಿಯುತ್ತ ಖಾಜಾನ ಹೆಂಡತಿಗೆ ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಹೆಂಡತಿ ಒಳಗೆ ಬಂದು ಖಾಜಾನ ಕಿವಿಯಲ್ಲಿ ಉಸುರಿದಳು. ಆಗ ಖಾಜಾನ ಕೈಯಲ್ಲಿ ಸೌಟು, ಸೌಟಿನಲ್ಲಿ ಕೋಳಿಯ ಕಾಲು, ಅದು ಕುತುಬುದ್ದೀನನ ತಾಟಿನಿಂದ ಒಂದು ಗೇಣು ಮೇಲಿತ್ತು. ಕಾಲು ಹಾಗೇ ಪಾತೇಲಿಗೆ ವಾಪಸು ಹೋಯಿತು.

"ಎಪ್ಪತ್ತೈದು ರೂಪಾಯಿ ಸಲುವಾಗಿ ಏನ್ರಿ, ದುಲ್ಹೇಭಾಯ್?"

"ರೊಕ್ಕದ ಮಾತಲ್ಲೋ ಖಾಜಾ. ತೂಕದ ಮಾತು. ತೂಕ ಸರಿ ಇರಬೇಕು."

ಖಾಜಾ ಸೌಟು ಕೆಳಗಿಟ್ಟು ಎದ್ದ. "ಆತು. ನಮ್ಮಪ್ಪ ಏನ್ ಬರಸಿದ್ದ ಅಂತ ನಾನೂ ನೋಡಬೇಕು. ಆದ್ರ ಖಾಜಿ ಸಾಹೇಬ್ರು ತೀರಿಕೊಂಡು ಹತ್ತು ವರ್ಷ ಆತು. ಅವ್ರ ದಫ್ತರ ಎಲ್ಲಾ ದೇವದುರ್ಗದಾಗ ಅಳಿಯ ಮೌಲಾಹುಸೇನ್ ಮಾಸ್ತರ್ ಮನ್ಯಾಗ ಅದ. ನಡೀರಿ, ನಾನೂ ಬರ್ತೀನಿ."

ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸಿಗೆ ನಾಲ್ವರ ಟಿಕೀಟು, ಹದಿನೆಂಟು ರೂಪಾಯಿ. ಕುತುಬುದ್ದೀನ್ ನೋಟುಗಳನ್ನು ಎರಡೆರಡು ಸಲ ಎಣಿಸಿ ಕೊಟ್ಟ.

ಬಸ್ಸಿನಲ್ಲಿ ಅಮರಮ್ಮನಿಗೆ ಪಕ್ಕದಲ್ಲಿ ಬದನೆಕಾಯಿ ಬುಟ್ಟಿಯ ಹೆಂಗಸೊಬ್ಬಳು ಸಿಕ್ಕಳು. ಎರಡು ಮೈಲಿ ಹೋಗುವುದರಲ್ಲಿ ಇಡೀ ಬಸ್ಸಿಗೆ ವಿಷಯ ತಿಳಿದಿತ್ತು. ಹೆಂಗಸರೆಲ್ಲ ಕಲ್ದಾರ್ ಕಡೆ, ಗಂಡಸರೆಲ್ಲ ಹಾಲಿ ಕಡೆ.

"ಇಪ್ಪತ್ತೊಂಬತ್ತು ವರ್ಷ ರೊಟ್ಟಿ ತಿಂದು ಈಗ ಹಾಲಿ ಅಂತಾನ್ನೋಡ್ರಿ," ಎಂದಳು ಬದನೆಕಾಯಿಯವಳು.

"ಬರದಿದ್ದು ಬರದಂಗ ಆಗಬೇಕಲ್ಲ ಬೇ," ಎಂದ ಹಿಂದಿನ ಸೀಟಿನ ರುಮಾಲಿನವನು.

"ನಿನಗೂ ಬಿಡೂದದ ಏನು?" ಎಂದು ಅವನ ಹೆಂಡತಿ ಅಲ್ಲೇ ತಿರುಗಿಬಿದ್ದಳು. ಸಿರವಾರ ಬರುವ ಹೊತ್ತಿಗೆ ಆ ಬಸ್ಸಿನಲ್ಲಿ ಒಂದಲ್ಲ, ನಾಲ್ಕು ಸಂಸಾರಗಳು ಅಲುಗಾಡುತ್ತಿದ್ದವು. ಇಳಿಯುವವರು ಹತ್ತುವವರಿಗೆ ಕತೆ ಒಪ್ಪಿಸಿ ಇಳಿದರು. ಕಂಡಕ್ಟರ್ ಬಾಗಿಲಲ್ಲಿ ನಿಂತು ಹೊಸಬರಿಗೆ ಬೆರಳು ತೋರಿಸಿದ. "ಅವ್ರೇ ನೋಡ್ರಿ, ಎಪ್ಪತ್ತೈದು ರೂಪಾಯಿಯವ್ರು." ಕುತುಬುದ್ದೀನ್ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡ. ಸಿರವಾರದಲ್ಲಿ ಸತ್ತಾರ್ ಸಾಬರಿಗೆ ಹಸಿವಾಯಿತು. ನಾಲ್ಕು ರೂಪಾಯಿ ಮಂಡಕ್ಕಿಗೆ ಹೋಯಿತು. ಒಟ್ಟು ಮೂವತ್ತೈದೂವರೆ.

ದೇವದುರ್ಗದಲ್ಲಿ ಮೌಲಾಹುಸೇನ್ ಮಾಸ್ತರ್ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಎದ್ದು ಕನ್ನಡಕ ಹುಡುಕಿ, ಕನ್ನಡಕ ಹಾಕಿಕೊಂಡು ಬೀಗದ ಕೈ ಹುಡುಕಿ, ಮಂಚದ ಕೆಳಗಿನಿಂದ ತಗಡಿನ ಪೆಟ್ಟಿಗೆ ಎಳೆದರು. ಹುಡುಕುವ ಫೀಜು ಐದು ರೂಪಾಯಿ. ಮೇಲಿನ ನಾಲ್ಕು ಪುಸ್ತಕಗಳನ್ನು ಗೆದ್ದಲು ಜಾಳಿಗೆ ಮಾಡಿತ್ತು.

"ಯಾ ಅಲ್ಲಾ, ಐವತ್ತೊಂದರದ್ದು ಉಳಿದಿರಲಿ," ಎಂದು ಕುತುಬುದ್ದೀನ್ ಮನಸಾರೆ ಬೇಡಿಕೊಂಡ.

ಬೇಡಿಕೆ ಫಲಿಸಿತು. ಐವತ್ತೊಂದರ ಪುಸ್ತಕಕ್ಕೆ ಒಂದು ತೂತೂ ಬಿದ್ದಿರಲಿಲ್ಲ. ಮಾಸ್ತರರು ಉರ್ದು ಸಾಲುಗಳ ಮೇಲೆ ಬೆರಳಾಡಿಸುತ್ತ ನಿಂತರು. "ಕುತುಬುದ್ದೀನ್, ರಾಯಚೂರು. ಮುನವ್ವರ್ ಬೀ, ಮಾನ್ವಿ. ಮೆಹರ್, ಐನೂರಾ ಇಪ್ಪತ್ತೈದು ರೂಪಾಯಿ, ಸಿಕ್ಕಾ ಹಾಲಿ."

"ಹಾಲಿ!" ಕುತುಬುದ್ದೀನ್ ನಿಂತಲ್ಲೇ ಹಾರಿದ. "ಕೇಳಿದ್ರೇನು ಚಾಚಾ? ಅಮರಮ್ಮ, ಕೇಳಿದಿ? ಖಾಜಾ, ನಿಮ್ಮಪ್ಪ ಬರಸಿದ್ದು ಹಾಲಿ! ಮಾಸ್ತರ, ನಕಲು ಕೊಡ್ರಿ. ಪೂರಾ ಬರೀರಿ, ಒಂದಕ್ಷರ ಬಿಡಬ್ಯಾಡ್ರಿ. ಮೊಹರು ಒತ್ತರಿ. ಎರಡು ನಕಲು ಬರೀರಿ, ಒಂದು ನನಗ, ಒಂದು ಆಕಿಗಿ. ನಾಳಿ ಮತ್ತ ತಕರಾರು ಬರಬಾರದು."

ನಕಲಿಗೆ ಐದರಂತೆ ಹತ್ತು ರೂಪಾಯಿಯನ್ನು ಅವನು ಆ ದಿನ ಮೊದಲ ಬಾರಿಗೆ ಸಂತೋಷದಿಂದ ಕೊಟ್ಟ. ಮಾಸ್ತರರು ಎರಡು ನಕಲು ಬರೆದು, ಮೊಹರು ಒತ್ತಿ, ಒಂದನ್ನು ಖಾಜಾನ ಕೈಗೆ ಕೊಟ್ಟು, ಇನ್ನೊಂದನ್ನು ನಿಯಮದಂತೆ ಗಟ್ಟಿಯಾಗಿ ಓದಿದರು.

"...ಐನೂರಾ ಇಪ್ಪತ್ತೈದು ರೂಪಾಯಿ, ಸಿಕ್ಕಾ ಹಾಲಿ, ಮತ್ತು ಎರಡು ದಿನಾರ್ ಸುರ್ಖ್. ಹೆಂಡತಿ ಕೇಳಿದಾಗ ಗಂಡ ಕೊಡತಕ್ಕದ್ದು."

"ಎರಡು ಏನ್ರಿ?"

"ದಿನಾರ್ ಸುರ್ಖ್. ಬಂಗಾರದ ನಾಣ್ಯ. ನಿಜಾಮನ ಸೀಮ್ಯಾಗ ಮೆಹರಿಗಿ ಹಿಂಗ ಬರಸೋ ಪದ್ಧತಿ ಇತ್ತಲ್ಲ. ನಮ್ಮ ಕಡಿ ಒಂದು ದಿನಾರಿಗಿ ಒಂದು ತೊಲಿ ಬಂಗಾರ ಹಿಡೀತಾರ."

ಕುತುಬುದ್ದೀನನಿಗೆ ಆ ರಾತ್ರಿ ನೆನಪಾಯಿತು. ಮುಖದ ಮೇಲೆ ಸೆಹರಾದ ಹೂವು, ಮೂಗಿನಲ್ಲಿ ಮಲ್ಲಿಗೆ, ಹೊಟ್ಟೆಯಲ್ಲಿ ಹಸಿವು, ಹೊರಗೆ ಬ್ಯಾಂಡು. ಖಾಜಿ ಸಾಹೇಬರು ಉದ್ದುದ್ದ ಏನೋ ಓದಿ ಒಪ್ಪಿಗೆಯೇ ಎಂದು ಕೇಳಿದ್ದರು. ಮೂರು ಸಲವೂ ಒಪ್ಪಿಗೆ ಎಂದಿದ್ದ. ಜೀವನದಲ್ಲಿ ತೂಗದೆ ಒಪ್ಪಿಕೊಂಡದ್ದು ಅದೊಂದೇ ಸರಕು.

"ತೊಲಿ ಬಂಗಾರ ಈಗ ಎಷ್ಟದ?" ಎಂದು ಅವನು ಕೇಳಿದ್ದು ಅವನಿಗೇ ಕೇಳಿಸಲಿಲ್ಲ.

"ಹೋದ ವರ್ಷ ಸಾವಿರದ ಆಸುಪಾಸಿತ್ತು. ಈಗ ಕೇಳಬ್ಯಾಡ್ರಿ, ಹದಿನೈದು ನೂರು," ಎಂದರು ಮಾಸ್ತರ್.

"ಎರಡಕ್ಕ ಮೂರು ಸಾವಿರ. ಮ್ಯಾಲ ನಾಕನೂರಾ ಐವತ್ತು," ಎಂದು ಸತ್ತಾರ್ ಸಾಬ್ ಕೇಳದಿದ್ದರೂ ಕೂಡಿಸಿ ಹೇಳಿದರು.

ಸಾವಿರದ ಎಂಟುನೂರರ ಪುಸ್ತಕ, ಗೇಟಿನ ಪಕ್ಕದ ಜಾಗ, ಹೊಸ ಬಣ್ಣ ಬಳಿದ ಕಾಟಾ, ಎಲ್ಲವೂ ಕುತುಬುದ್ದೀನನ ಕಣ್ಣ ಮುಂದೆ ಸಾಲಾಗಿ ಎದ್ದು ಹೊರಟುಹೋದವು. ಅವನು ಮಾಸ್ತರರ ಕೈ ಹಿಡಿದುಕೊಂಡ. "ನಕಲು ಬ್ಯಾಡ್ರಿ. ವಾಪಸ್ ತಗೋರಿ. ಹತ್ತು ರೂಪಾಯಿನೂ ನೀವೇ ಇಟ್ಕೋರಿ."

"ಮೊಹರು ಬಿದ್ದದ್ದು ವಾಪಸ್ ಆಗಂಗಿಲ್ಲ," ಎಂದು ಮಾಸ್ತರ್ ಮತ್ತೆ ಮಲಗಲು ಹೋದರು. ಈ ಗೆದ್ದಲಿಗೆ ಐವತ್ತೊಂದರ ಪುಸ್ತಕ ತಿನ್ನಲು ಏನು ಧಾಡಿಯಾಗಿತ್ತು ಎಂದು ಕುತುಬುದ್ದೀನ್ ಬೈದುಕೊಂಡ.

ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಮೂವರಿಗೂ ಮಿರ್ಚಿ ಭಜಿ, ಚಹಾ ಕೊಡಿಸಿದ. ಆರೂವರೆ ರೂಪಾಯಿ. "ಬ್ಯಾರೆ ಆಗೋದು ರದ್ದು," ಎಂದು ಘೋಷಿಸಿದ. "ಬ್ಯಾರೆ ಆಗದಿದ್ರ ಮೆಹರಿನ ಮಾತೇ ಬರಂಗಿಲ್ಲ. ನೀವು ಮೂವರು ಬಾಯಿ ಮುಚ್ಚಿಕೊಂಡಿದ್ರ ಸಾಕು. ದಿನಾರ್ ಅನ್ನೋ ಮಾತು ಇಲ್ಲೇ ದೇವದುರ್ಗದಾಗ ಬಿಟ್ಟು ಹೋಗೋಣ."

"ನಾ ಅದಾಲತ್ತಿನ್ಯಾಗ ಇದ್ದಾಂವ," ಎಂದರು ಸತ್ತಾರ್ ಸಾಬ್ ಎದೆ ಮುಟ್ಟಿಕೊಂಡು.

"ನನಗ್ಯಾಕ ಬೇಕು ಯಪ್ಪಾ ಊರ ಉಸಾಬರಿ," ಎಂದಳು ಅಮರಮ್ಮ.

ಖಾಜಾ ಭಜಿಯ ತೊಟ್ಟು ಬಿಸಾಕಿ ಕೈ ಒರೆಸಿಕೊಂಡ. "ನಾನಾಗೇ ಬಾಯಿ ಬಿಡಂಗಿಲ್ಲ ದುಲ್ಹೇಭಾಯ್. ಆದ್ರ ನಮ್ಮ ಅಕ್ಕ ಕೇಳಿದ್ರ ಸುಳ್ಳು ಹೇಳಂಗಿಲ್ಲ."

ರಾಯಚೂರಿಗೆ ನಾಲ್ಕು ಟಿಕೀಟು ಇಪ್ಪತ್ತು ರೂಪಾಯಿ. ಒಟ್ಟು ಕೂಡಿಸಿದರೆ ಎಪ್ಪತ್ತೇಳು. ಎಪ್ಪತ್ತೈದು ಉಳಿಸಲು ಎಪ್ಪತ್ತೇಳು ಖರ್ಚು ಮಾಡಿದ್ದ. ಬೇರೆ ದಿನವಾಗಿದ್ದರೆ ಈ ಎರಡು ರೂಪಾಯಿ ಅವನಿಗೆ ವಾರವಿಡೀ ನಿದ್ದೆ ಕೊಡುತ್ತಿರಲಿಲ್ಲ. ಈಗ ಮೂರು ಸಾವಿರದ ಹೆದರಿಕೆಯ ಕೆಳಗೆ ಅದು ಎಲ್ಲೋ ಹೂತುಹೋಯಿತು. ಆ ಹೆದರಿಕೆಯ ಕೆಳಗೆ ಇನ್ನೂ ಒಂದು ಇತ್ತು. ಮುನವ್ವರ್ ನಿಜವಾಗಿಯೂ ಗಂಟು ಕಟ್ಟಿ ಹೊರಟು ನಿಂತಿದ್ದರೆ? ಬಾಗಿಲು ತೆರೆದಾಗ ಯಾರೂ ಮಾತಾಡಿಸದ ಮನೆಯನ್ನು ನೆನೆಸಿಕೊಂಡ. ಡ್ರೈವರನಿಗೆ ಎರಡು ಸಲ, ಜೋರಾಗಿ ಓಡಿಸಪ್ಪ ಎಂದು ಹೇಳಿ ಬೈಸಿಕೊಂಡ.

ಓಣಿ ಮುಟ್ಟಿದಾಗ ಹೊತ್ತು ಇನ್ನೂ ಎರಡು ಮಾರು ಮೇಲಿತ್ತು. ಅಂಗಳದ ತುಂಬ ಜನ. ನಡುವೆ ಮುನವ್ವರ್ ಬೀ ಗೋಡೆಗೊರಗಿ ಕುಳಿತಿದ್ದಳು. ಕುತುಬುದ್ದೀನ್ ದಾರಿಯುದ್ದಕ್ಕೂ ಉರು ಹೊಡೆದ ಮಾತನ್ನು ಒಂದೇ ಉಸಿರಿಗೆ ಹೇಳಿದ.

"ಹಾಲಿನೂ ಬ್ಯಾಡ, ಕಲ್ದಾರೂ ಬ್ಯಾಡ, ಬ್ಯಾರೆ ಆಗೋದೂ ಬ್ಯಾಡ. ತಪ್ಪು ನಂದು. ಕರೆಂಟ್ ಬಿಲ್ಲು ಪೂರಾ ನಾನೇ ಕಟ್ತೀನಿ. ನೀ ರಾತ್ರಿ ಎಲ್ಲಾ ಹೊಲಿ, ನಾ ಒಂದು ಮಾತು ಅನ್ನಂಗಿಲ್ಲ."

ನೆರೆದವರು ಲೊಚಗುಟ್ಟಿದರು. ಮುನವ್ವರ್ ಬೀಯ ಕಣ್ಣು ತುಂಬಿ ಬಂತು. ಸೆರಗು ಮುಖಕ್ಕೆ ಒತ್ತಿಕೊಂಡಳು.

"ನೀವು ಹೋದ ಮ್ಯಾಲ ನಾನೂ ಕುಂತು ವಿಚಾರ ಮಾಡಿದ್ನಿರಿ. ಈ ವಯಸ್ಸಿನ್ಯಾಗ ನಿಮ್ಮ ಹತ್ರ ರೊಕ್ಕ ಇಸಗೊಂಡು ಎಲ್ಲಿಗಿ ಹೋಗ್ಲಿ ಅನ್ನಿಸ್ತು. ಎಲ್ಲರ ಮುಂದ ಹೇಳಿಬಿಟ್ಟೆ, ಆ ಐನೂರಾ ಇಪ್ಪತ್ತೈದು ಮಾಫ್ ಅಂತ. ಒಂದು ಪೈಸ ಬ್ಯಾಡ."

"ಬೆಳಿಗ್ಗಿ ಹತ್ತು ಗಂಟೆಕ್ಕ ಹೇಳ್ಯಾರ್ರಿ," ಎಂದ ವೆಂಕಣ್ಣ. "ನಾ ಪುಸ್ತಕದಾಗ ಟೈಮ್ ಹಾಕಿ ಬರಕೊಂಡೀನಿ."

ಹತ್ತು ಗಂಟೆಗೆ ಕುತುಬುದ್ದೀನ್ ಮಾನ್ವಿಯಲ್ಲಿ ಕೋಳಿ ಕೂಗುವುದನ್ನು ಕೇಳುತ್ತಿದ್ದ. ಅಲ್ಲಿಂದ ಹಾಗೇ ತಿರುಗಿ ಬಂದಿದ್ದರೂ ಸಾಕಿತ್ತು. ಆದರೂ ಅವನ ಎದೆಯ ಮೇಲಿನ ಮೂಟೆ ಒಮ್ಮೆಲೇ ಇಳಿಯಿತು. ಮೆಹರ್ ಮಾಫ್! ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಸುಮ್ಮನಾಗಿ ಒಳಗೆ ಹೋಗಿ ಮಲಗುತ್ತಿದ್ದರು. ಆದರೆ ಇವನು ಮುಳ್ಳು ನಡುವೆ ನಿಲ್ಲದೆ ತಕ್ಕಡಿ ಬಿಟ್ಟು ಏಳುವವನಲ್ಲ.

"ಹಂಗ ಬಾಯಿಮಾತು ಬ್ಯಾಡ ಮುನವ್ವರ್," ಎಂದ. "ವೆಂಕಣ್ಣ, ನೀ ಸರಿಯಾಗಿ ಬರಿ. ಮೆಹರ್ ಎಷ್ಟಿದ್ದರೂ, ಏನಿದ್ದರೂ, ಎಲ್ಲಾ ಮಾಫ್. ಅದಕ್ಕ ಆಕಿ ಒಂದು ಹೆಬ್ಬಟ್ಟು ಒತ್ತಿಬಿಡ್ಲಿ."

ಮುನವ್ವರ್ ಬೀ ಸೆರಗನ್ನು ಮುಖದಿಂದ ಕೆಳಗಿಳಿಸಿದಳು. ಕಣ್ಣೀರು ಅರ್ಧಕ್ಕೇ ನಿಂತಿತ್ತು.

"ಏನಿದ್ದರೂ ಅಂದ್ರ ಏನ್ರಿ? ಐನೂರಾ ಇಪ್ಪತ್ತೈದು ಮಾಫ್ ಅಂತ ಹೇಳೀನಲ್ಲ. ಅದರ ಮ್ಯಾಲ ಮತ್ತೇನದ?"

"ಏನಿಲ್ಲ, ಏನಿಲ್ಲ. ಸುಮ್ಮನ ಒಂದು ಮಾತಿಗಿ ಅಂದೆ."

ಅವಳು ಸತ್ತಾರ್ ಸಾಬರ ಕಡೆ ನೋಡಿದಳು. ಅವರು ಆಕಾಶ ನೋಡಿದರು. ಅಮರಮ್ಮನ ಕಡೆ ನೋಡಿದಳು. ಹಗಲೆಲ್ಲ ಮುಚ್ಚದಿದ್ದ ಬಾಯಿಯನ್ನು ಅಮರಮ್ಮ ಎರಡೂ ಕೈಯಿಂದ ಮುಚ್ಚಿಕೊಂಡಿದ್ದಳು.

"ಖಾಜಾ," ಎಂದಳು ಮುನವ್ವರ್ ಬೀ, "ಕಾಗದದಾಗ ಏನ್ ಬರದದ?"

ಖಾಜಾ ಕೇಳುವುದನ್ನೇ ಕಾಯುತ್ತಿದ್ದ. ಅಂಗಿಯ ಕಿಸೆಯಿಂದ ನಕಲು ತೆಗೆದು, ಮಡಿಕೆ ಬಿಡಿಸಿ, ಮೊದಲಿಂದ ಕೊನೆಯತನಕ ಓದಿದ. ಎರಡು ದಿನಾರ್ ಸುರ್ಖ್ ಎಂದರೆ ಎರಡು ತೊಲ ಬಂಗಾರ ಎಂಬುದನ್ನೂ ಹೇಳಿದ.

"ಅದೂ ಮಾಫ್ ಆತು!" ಎಂದು ಕುತುಬುದ್ದೀನ್ ಕಿರುಚಿದ. "ಬೆಳಿಗ್ಗಿ ಹತ್ತಕ್ಕ! ಚಾಚಾ, ಹೇಳ್ರಿ!"

ಸತ್ತಾರ್ ಸಾಬ್ ಆಕಾಶದಿಂದ ಇಳಿದು ಬಂದರು. ಕಾನೂನಿನ ಪ್ರಶ್ನೆ ಬಂದಾಗ ಭಜಿಯ ಋಣ ಅವರಿಗೆ ನೆನಪಿರುತ್ತಿರಲಿಲ್ಲ. "ಗಂಜಿನ್ಯಾಗ ತೂಗದ ಚೀಲಕ್ಕ ನೀನೇನು ಪಟ್ಟಿ ಬರೀತೀಯೇನಪಾ? ಆಕಿ ಮಾಫ್ ಮಾಡಿದ್ದು ಐನೂರಾ ಇಪ್ಪತ್ತೈದು. ಗೊತ್ತೇ ಇಲ್ಲದ ಬಂಗಾರ ಹೆಂಗ ಮಾಫ್ ಆಗ್ತದ?"

"ಆದ್ರ ನಾವು ಬ್ಯಾರೆ ಆಗೇ ಇಲ್ಲಲ್ಲ! ಈಗ ಮೆಹರ್ ಯಾಕ ಬಂತು?"

"ಹೆಂಡತಿ ಕೇಳಿದಾಗ ಕೊಡತಕ್ಕದ್ದು ಅಂತ ಅದ," ಎಂದ ಖಾಜಾ, ಸಾಲಿನ ಮೇಲೆ ಬೆರಳಿಟ್ಟು. "ಬ್ಯಾರೆ ಆಗಬೇಕಂತೇನಿಲ್ಲ."

ಮುನವ್ವರ್ ಬೀ ಎದ್ದು ನಿಂತು ಸೀರೆ ಕೊಡವಿಕೊಂಡಳು. "ಹಂಗಾದ್ರ ಕೇಳಾಕತ್ತೀನಿ," ಎಂದಳು ಮೆಲ್ಲಗೆ. "ಅಂಚಿ ಪುಸ್ತಕ ತಗೊಂಬರ್ರಿ. ಸಾವಿರದ ಎಂಟುನೂರು ಅದರಾಗ ಬಂತು. ಉಳಿದ ಸಾವಿರದ ಇನ್ನೂರಕ್ಕ ಗಂಜಿನ ಪಗಾರ ತಿಂಗಳಾ ನನ್ನ ಕೈಯಾಗ ಇಡ್ರಿ."

ಸ್ವಂತ ಕಾಟಾ ಇರಲಿ, ಇನ್ನು ಮೇಲೆ ಬೀಡಿಗೂ ಕೈ ಚಾಚಬೇಕು. ಕುತುಬುದ್ದೀನ್ ಸುತ್ತ ನೋಡಿದ. ಯಾವ ಮುಖದಲ್ಲೂ ಅವನಿಗೆ ಜಾಗವಿರಲಿಲ್ಲ.

"ಅದಕ್ಕಿಂತ ಬ್ಯಾರೆ ಆಗೋದೇ ಚಲೋ!" ಎಂದು ನೆಲಕ್ಕೆ ಟೋಪಿ ಬಡಿದ. "ಬೆಳಿಗ್ಗಿ ಆಡಿದ ಮಾತೇ ಖರೆ. ನಾ ಈಗಲೇ ಮನಿ ಬಿಟ್ಟು ಹೋಗ್ತೀನಿ!"

ಮುನವ್ವರ್ ಬೀ ಬಗ್ಗಿ ಟೋಪಿ ಎತ್ತಿಕೊಂಡು ಧೂಳು ಝಾಡಿಸಿದಳು. ಅವನ ತಲೆಯ ಮೇಲೆ ಅದನ್ನು ನೆಟ್ಟಗೆ ಇಟ್ಟಳು.

"ಎಲ್ಲಿಗಿ ಹೋಗ್ತೀರಿ?" ಎಂದಳು. "ಗಂಡ ಆಗಿ ಹೋಗ್ತೀನಿ ಅಂದಿದ್ರ ಬೆಳಿಗ್ಗೇನ ಬಿಟ್ಟುಬಿಡ್ತಿದ್ದೆ. ಈಗ ಸಾವಿರದ ಇನ್ನೂರು ಬಾಕಿ ಇಟ್ಟಾವ್ರು ನೀವು. ಬಾಕಿದಾರರನ್ನ ಕಣ್ಣು ತಪ್ಪಿಸಿ ಹೋಗಾಕ ಯಾರಾದ್ರೂ ಬಿಡ್ತಾರೇನ್ರಿ? ಕೈಕಾಲು ತೊಳ್ಕೊಂಡು ಒಳಗ ನಡೀರಿ."